ಬಿಡುಗಡೆ ಪತ್ರದ ಅಂಕಿಗಳನ್ನು ಕನ್ನಡದಲ್ಲಿ ವಿವರಿಸಲಿ

ಮಾನ್ಯರೇ,

ಹೃದಯಾಘಾತವಾದವರು ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರೆ ಇನ್ನು ಹೆದರಬೇಕಾದ್ದಿಲ್ಲ ಎಂದೇ ನಮ್ಮ ಕಡೆ ಹೆಚ್ಚಿನವರು ನಂಬಿದ್ದಾರೆ. ಮುಂದೆ ಯಾರಿಗೆ ತೊಂದರೆಯಾಗಬಹುದು ಎಂಬ ಸುಳಿವು ಅವರವರ ರಕ್ತಪರೀಕ್ಷೆಯಲ್ಲಿಯೇ ಇರುತ್ತದೆ, ಮನೆಗೆ ಕಳುಹಿಸುವಾಗ ಆಸ್ಪತ್ರೆ ಕೊಡುವ ಬಿಡುಗಡೆ ಪತ್ರದಲ್ಲಿ (ಡಿಸ್ಚಾರ್ಜ್ ಸಮ್ಮರಿ) ಅಚ್ಚಾಗಿಯೂ ಇರುತ್ತದೆ. ಅದರ ಅರ್ಥವನ್ನು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳುವವರು ಮಾತ್ರ ವಿರಳ. ಬಹುಕಾಲ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಟ್ರೋಪೊನಿನ್ ಎಂಬ ಹೆಸರು ಈಗ ಅನೇಕರಿಗೆ ಪರಿಚಿತ. ಹೃದಯದ ಸ್ನಾಯುಕೋಶಗಳು ಸತ್ತಾಗ ಸೋರುವ ಈ ಪ್ರೋಟೀನ್ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಏರಿ, ವಾರದವರೆಗೂ ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲವೂ ಉಳಿಯುತ್ತದೆ; ಎಷ್ಟು ಸ್ನಾಯು ನಷ್ಟವಾಯಿತು ಎಂಬುದಕ್ಕೆ ಅದೊಂದು ಸ್ಥೂಲ ಅಳತೆ. ಉಳಿದ ಸ್ನಾಯು ಎಷ್ಟು ಬಳಲುತ್ತಿದೆ ಎಂದು ತಿಳಿಸುವುದು ರಕ್ತದಲ್ಲಿ ಅಳೆಯುವ ಇನ್ನೊಂದು ಪ್ರೋಟೀನ್, ಎನ್‌ಟಿ-ಪ್ರೊಬಿಎನ್‌ಪಿ. ಇದರ ಬಳಗದ ಬಿಎನ್‌ಪಿ (ಬ್ರೈನ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್) 1988ರಲ್ಲಿ ಮೊದಲು ಹಂದಿಯ ಮೆದುಳಿನಲ್ಲಿ ಪತ್ತೆಯಾದ್ದರಿಂದ ಹೆಸರಿನಲ್ಲಿ ಮೆದುಳು ಸೇರಿಕೊಂಡಿದೆಯಾದರೂ, ಇದು ರಕ್ತಕ್ಕೆ ಸೇರುವುದು ಮುಖ್ಯವಾಗಿ ಹೃದಯದ ಕೆಳಕೋಣೆಗಳ ಗೋಡೆ ಒತ್ತಡದಿಂದ ಹಿಗ್ಗಿದಾಗ. ಆಘಾತದ ನಂತರ ಇದರ ಮಟ್ಟ ಹೆಚ್ಚಿದ್ದವರಲ್ಲಿ ಹೃದಯ ವೈಫಲ್ಯದ, ಅಂದರೆ ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾರದ ಸ್ಥಿತಿಯ, ಮತ್ತು ಸಾವಿನ ಅಪಾಯವೂ ಹೆಚ್ಚು. ಉರಿಯೂತ ಸೂಚಿಸುವ ಸಿಆರ್‌ಪಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಕೂಡ ಈ ಲೆಕ್ಕಕ್ಕೆ ಬರುತ್ತವೆ.

ಬೈಂದೂರು ಕಡೆಯ ನನ್ನ ಭಾವನವರ ಬಿಡುಗಡೆ ಪತ್ರದಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಬಹಳ ಹೆಚ್ಚೆಂದು ನಮೂದಾಗಿತ್ತು. ಆ ಆಸ್ಪತ್ರೆಯಲ್ಲಿ ಯಾರೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಒಂದು ತಿಂಗಳ ನಂತರ ಬನ್ನಿ ಎಂದಷ್ಟೇ ಹೇಳಿ ಕಳುಹಿಸಿದರು. ಮೂರನೆಯ ವಾರದಲ್ಲಿ ಅವರ ಕಾಲು ಊದಿಕೊಂಡು, ರಾತ್ರಿ ಮಲಗಿದರೆ ಉಸಿರು ಕಟ್ಟಿ, ಮತ್ತೆ ದಾಖಲು ಮಾಡಬೇಕಾಯಿತು. ಆ ಕಾಗದವನ್ನು ನನಗೆ ತೋರಿಸಿದ್ದು ಆಮೇಲೆ. ನಾನಾಗಿ ಮೊದಲೇ ಕೇಳಿ ನೋಡಬೇಕಿತ್ತು ಎಂಬ ಸಂಕಟ ಇಂದಿಗೂ ಇದೆ.

ಅಂಕಿಯೊಂದನ್ನೇ ಹಿಡಿದು ಭಯಪಡಬೇಕೆಂದು ನಾನು ಹೇಳುತ್ತಿಲ್ಲ. ವಯಸ್ಸಾದವರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ ಈ ಮಟ್ಟ ಏರಿರುತ್ತದೆ, ಸ್ಥೂಲಕಾಯದವರಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ಕಾಣಿಸಬಹುದು. ಎಕೋ (ಹೃದಯದ ಸ್ಕ್ಯಾನ್) ವರದಿ, ರಕ್ತದೊತ್ತಡ, ನಾಡಿಬಡಿತಗಳ ಜೊತೆಗಿಟ್ಟು ವೈದ್ಯರೇ ಅದನ್ನು ತೂಗಿ ನೋಡಬೇಕು. ಹಾಗಾಗಿಯೇ ವಿವರಣೆ ಅವರಿಂದ ಬರಬೇಕೆಂದು ಕೇಳುತ್ತಿದ್ದೇನೆ.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ನೋಡಿ, ರಕ್ತನಾಳದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವಂತಾಗಿದೆ. ಇದು ನಿಜಕ್ಕೂ ದೊಡ್ಡ ಉಪಕಾರ. ಹೀಗೆ ಉಳಿದ ಜೀವಕ್ಕೆ ಮನೆಗೆ ಮರಳಿದ ಮೇಲೂ ಆಸರೆ ಬೇಕು. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಆಸ್ಪತ್ರೆಗಳು ಬಿಡುಗಡೆ ಪತ್ರದ ಕೊನೆಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯಲಿ: ಈ ರೋಗಿಗೆ ಅಪಾಯ ಎಷ್ಟು, ಮರುಭೇಟಿ ಒಂದು ವಾರಕ್ಕೋ ತಿಂಗಳಿಗೋ, ಮೈಯಲ್ಲಿ ನೀರು ನಿಂತು ತೂಕ ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಯಾರಿಗೆ ಕರೆ ಮಾಡಬೇಕು. ಓದಲು ಬಾರದವರಿಗೆ ದಾದಿಯರು ತುಳುವಿನಲ್ಲೋ ಕೊಂಕಣಿ, ಬ್ಯಾರಿಯಲ್ಲೋ ಹೇಳಲಿ. ಭಾವನವರು ಎರಡನೆಯ ಬಾರಿ ಮನೆಗೆ ಹೊರಟಾಗ ದಾದಿಯೊಬ್ಬರು ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಕುಂದಾಪುರ ಕನ್ನಡದಲ್ಲಿ ಎಲ್ಲವನ್ನೂ ತಿಳಿಸಿದರು. ಈಗ ಅವರು ದಿನವೂ ಬೆಳಿಗ್ಗೆ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಉಡುಪಿ