ಶನಿವಾರದ ಕ್ವಿಜ್: ವಿಷಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ರಾತ್ರಿ 8ಕ್ಕೆ (ಶಿಕಾಗೋ ಸಮಯ, ಊರಲ್ಲಿರೋರಿಗೆ ಭಾನುವಾರ ಬೆಳಗ್ಗೆ 6:30) ಕ್ವಿಜ್ ಇದೆ. ವಿಷಯ ಕ್ರಿಕೆಟ್ ಅಲ್ಲ, ಬೇಸ್‌ಬಾಲ್‌ನಲ್ಲಿ ಒಂದೇ ಸೀಸನ್‌ನಲ್ಲಿ ಅತಿ ಹೆಚ್ಚು ಸೋತ ತಂಡಗಳು. ಕ್ವಿಜ್‌ಗೆ ಹೆಸರು ಕೊಟ್ಟಿರುವ ನಾಲ್ಕೂ ತಂಡದವರು ಇಷ್ಟು ಓದಿಕೊಂಡು ಬನ್ನಿ.

2024ರ ಶಿಕಾಗೋ ವೈಟ್ ಸಾಕ್ಸ್ 121 ಪಂದ್ಯ ಸೋತು, 1962ರ ನ್ಯೂಯಾರ್ಕ್ ಮೆಟ್ಸ್‌ನ 120ರ ದಾಖಲೆ (1900ರ ನಂತರದ ಲೆಕ್ಕದಲ್ಲಿ) ಮುರಿಯಿತು. ನಮ್ಮೂರ ತಂಡ ಅಲ್ವಾ, ನಗಬೇಡಿ! 2003ರ ಡೆಟ್ರಾಯಿಟ್ ಟೈಗರ್ಸ್ ಕೊನೆಯ ಆರು ಪಂದ್ಯಗಳಲ್ಲಿ ಐದು ಗೆದ್ದು 119 ಸೋಲಿಗೆ ನಿಂತಿತು.

ಆದರೆ ನನ್ನ ಪ್ರಕಾರ ನಿಜವಾದ ಕಥೆ 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್‌ದು. ಮಾಲೀಕರು ಸೇಂಟ್ ಲೂಯಿಸ್ ತಂಡವನ್ನೂ ಕೊಂಡು, ಸೈ ಯಂಗ್ ಸೇರಿದಂತೆ ಒಳ್ಳೆಯ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿಬಿಟ್ಟರು, ಕ್ಲೀವ್‌ಲ್ಯಾಂಡ್‌ನಲ್ಲಿ ನೋಡೋಕೆ ಜನವೇ ಬರಲಿಲ್ಲ, ಹಾಗಾಗಿ ಹೆಚ್ಚಿನ ಪಂದ್ಯಗಳನ್ನು ಬೇರೆ ಊರುಗಳಲ್ಲೇ ಆಡಬೇಕಾಯಿತು. ಗೆದ್ದಿದ್ದು 20, ಸೋತಿದ್ದು 134. ಇದರ ಮೇಲೆ ಪ್ರಶ್ನೆ ಜಾಸ್ತಿ ಇರುತ್ತೆ.

ಲಿಂಕ್ ಶನಿವಾರ ಮಧ್ಯಾಹ್ನ ಹಾಕ್ತೀನಿ. ಹತ್ತು ನಿಮಿಷ ಮೊದಲೇ ಸೇರಿ, ಮೈಕ್ ಆಫ್ ಇಡಿ, ಆಟದ ನಡುವೆ ಗೂಗಲ್ ಬೇಡ. ಬರುವವರು ಗುರುವಾರದೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ, ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕಕ್ಕಿಲ್ಲ.