ಪುಸ್ತಕ ಮುಚ್ಚಿಯೂ ಓದಬಹುದು

ಮಾನ್ಯರೇ,

ನನ್ನ ಮಗಳು ಎಸ್ಸೆಸ್ಸೆಲ್ಸಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದೇ ಪಾಠವನ್ನು ಮತ್ತೆ ಮತ್ತೆ ಓದುತ್ತಿದ್ದಳು. ಪುಟದ ತುಂಬ ಹಳದಿ ಹೈಲೈಟರ್ ಬೇರೆ! ಪ್ರಶ್ನೆ ಕೇಳಿದರೆ ಮಾತ್ರ ತಡವರಿಕೆ.

ಈಗ ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಹಾಳೆಯಲ್ಲಿ ಬರೆಯುತ್ತಾಳೆ. ಬಿಟ್ಟುಹೋದದ್ದನ್ನಷ್ಟೇ ಮತ್ತೆ ನೋಡುತ್ತಾಳೆ. ಎರಡು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಓದುವ ಹೊತ್ತು ಇಳಿದಿದೆ, ನಿದ್ದೆ ಜಾಸ್ತಿಯಾಗಿದೆ.

ಇದೇನು ಹೊಸದಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಬೇರೆ ಬೇರೆ ದಿನಕ್ಕೆ ಹಂಚಿ ಓದಿದರೆ ಕಡಿಮೆ ಸಲಕ್ಕೇ ನೆನಪಿರುತ್ತದೆ ಎಂದು 1885ರಲ್ಲೇ ಬರೆದಿದ್ದರು. ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಕಂಠಪಾಠ ಮಾಡಿ ನೋಡಿದ್ದರು ಪಾಪ. ಒಂದೇ ದಿನ 68 ಸಲ ಓದಿದಾಗ ಸಿಕ್ಕ ಫಲ, ಮೂರು ದಿನಕ್ಕೆ ಹಂಚಿದಾಗ 38 ಸಲಕ್ಕೇ ಸಿಕ್ಕಿತ್ತು. ನಮ್ಮಜ್ಜಿ ದಿನಾ ಸಂಜೆ ದೀಪ ಹಚ್ಚಿ ಮಗ್ಗಿ ಹೇಳಿಸುತ್ತಿದ್ದುದೂ ಇದೇ ಅಲ್ವಾ?

ಶಾಲೆಗಳು ಸಂಜೆ ಆರರ ತನಕ ವಿಶೇಷ ತರಗತಿ ನಡೆಸುತ್ತವೆ. ಅದರಲ್ಲಿ ನೋಟ್ಸ್ ಬರೆಸುವ ಬದಲು, ಮೊದಲ ಹತ್ತು ನಿಮಿಷ ಹಿಂದಿನ ವಾರದ ಪಾಠದ ಮೇಲೆ ಅಂಕವಿಲ್ಲದ ಐದು ಪ್ರಶ್ನೆ ಕೇಳಲಿ. ತಪ್ಪಿದರೆ ಬೈಯದಿದ್ದರೆ ಸಾಕು.

– ಒಬ್ಬ ತಾಯಿ, ಹಾಸನ