ಹಡಗು ಹತ್ತದ ಅಂಗಿಗಳು: ಕೈಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರಿಗೆ,

ನಮಸ್ಕಾರಗಳು.

ಪತ್ರಿಕೆಯಲ್ಲಿ ನಿಮ್ಮ ಇಲಾಖೆಯ ಹೂಡಿಕೆ ಅಂಕಿಗಳನ್ನು ಕಂಡಾಗಲೆಲ್ಲ ನನಗೆ ರಟ್ಟಿನ ಪೆಟ್ಟಿಗೆಗಳು ನೆನಪಾಗುತ್ತವೆ. 2020ರ ಮಾರ್ಚ್‌ನಲ್ಲಿ ನಾನು ಮಂಡ್ಯ ಜಿಲ್ಲೆಯ ಒಂದು ರಫ್ತು ಗಾರ್ಮೆಂಟ್ಸ್‌ನಲ್ಲಿ ಶಿಪ್ಪಿಂಗ್ ಗುಮಾಸ್ತನಾಗಿದ್ದೆ. ಲಾಕ್‌ಡೌನ್ ಘೋಷಣೆಯಾಗುವ ಮೊದಲೇ ಖರೀದಿದಾರರ ಇಮೇಲ್ ಬಂದಿತ್ತು: ಆರ್ಡರ್ ರದ್ದು, ಸರಕು ಕಳಿಸಬೇಡಿ. ಹೊಲಿದು, ಇಸ್ತ್ರಿ ಮಾಡಿ, ಪೆಟ್ಟಿಗೆ ತುಂಬಿಸಿಟ್ಟ ಅಂಗಿಗಳವು. ಕೊರಳಪಟ್ಟಿಯ ಒಳಗೆ ಅವರ ಅಂಗಡಿಯ ಹೆಸರು, ತೋಳಿನಲ್ಲಿ ಯೂರೊ ಬೆಲೆಯ ಚೀಟಿ. ಮದ್ದೂರಿನ ಸಂತೆಯಲ್ಲಿ ಮಾರೋಣವೆಂದರೆ ಒಪ್ಪಂದ ಬಿಡುವುದಿಲ್ಲ.

ಈ ವ್ಯಾಪಾರದ ಲೆಕ್ಕ ವಿಚಿತ್ರವಾದದ್ದು. ಬಟ್ಟೆ, ದಾರ, ಗುಂಡಿ, ಕೂಲಿ ಎಲ್ಲದಕ್ಕೂ ಕಾರ್ಖಾನೆಯವರು ಬ್ಯಾಂಕಿನಲ್ಲಿ ಸಾಲ ಮಾಡಿ ಮುಂಚೆಯೇ ಹಣ ಹಾಕುತ್ತಾರೆ. ವಿದೇಶಿ ಖರೀದಿದಾರ ಹಣ ಬಿಚ್ಚುವುದು ಸರಕು ಹಡಗು ಹತ್ತಿ ತಿಂಗಳು, ಎರಡು ತಿಂಗಳು ಕಳೆದ ಮೇಲೆ. ಅಂದರೆ ಬಡ ದೇಶದ ಕಾರ್ಖಾನೆ ಶ್ರೀಮಂತ ದೇಶದ ಅಂಗಡಿಗೆ ಸಾಲ ಕೊಟ್ಟಂತೆ! ಒಪ್ಪಂದದ ಕೊನೆಯಲ್ಲಿ ಯಾರೂ ಓದದ ‘ದೈವಾಧೀನ’ ಷರತ್ತೊಂದು ಇರುತ್ತದೆ: ಕೈಮೀರಿದ ವಿಪತ್ತು ಬಂದರೆ ಒಪ್ಪಂದದ ಹೊಣೆ ಇಲ್ಲ ಎನ್ನುವುದು. ಸಾಂಕ್ರಾಮಿಕ ಬಂದದ್ದೇ ಅನೇಕ ಖರೀದಿದಾರರು ಅದನ್ನು ಮುಂದಿಟ್ಟು ಕೈ ತೊಳೆದುಕೊಂಡರು. ಬಾಂಗ್ಲಾದೇಶದ ಉಡುಪು ರಫ್ತುದಾರರ ಲೆಕ್ಕದಲ್ಲಿ ಅಲ್ಲಿ ರದ್ದಾದ ಮತ್ತು ತಡೆಹಿಡಿದ ಆರ್ಡರ್‌ಗಳ ಮೊತ್ತವೇ 300 ಕೋಟಿ ಡಾಲರ್ ದಾಟಿತ್ತು. ನಮ್ಮಲ್ಲಿ 2020ರ ಏಪ್ರಿಲ್‌ನ ಒಟ್ಟು ಸರಕು ರಫ್ತು ಹಿಂದಿನ ಏಪ್ರಿಲ್‌ಗಿಂತ ಶೇ 60ರಷ್ಟು ಕುಸಿಯಿತು. ಸಿದ್ಧ ಉಡುಪಿನ ರಫ್ತು ಶೇ 91ರಷ್ಟು.

ಖರೀದಿದಾರ ಕಾರ್ಖಾನೆಯ ತಲೆಗೆ ಕಟ್ಟಿದ ನಷ್ಟವನ್ನು ಕಾರ್ಖಾನೆ ಯಾರ ತಲೆಗೆ ಕಟ್ಟಿತು? ಬೆಳಿಗ್ಗೆ ಆರಕ್ಕೆ ಬುತ್ತಿ ಹಿಡಿದು ಹಳ್ಳಿಯಿಂದ ವ್ಯಾನ್ ಹತ್ತುತ್ತಿದ್ದ ಹೆಣ್ಣುಮಕ್ಕಳ ತಲೆಗೆ. ಸರ್ಕಾರವಾದರೂ ಅಡ್ಡ ನಿಂತಿತೇ ಎಂದರೆ, ಇಲ್ಲ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ಹೆಚ್ಚಳವನ್ನು ಕಾರ್ಮಿಕ ಇಲಾಖೆಯೇ ಒಂದು ವರ್ಷ ಮುಂದಕ್ಕೆ ಹಾಕಿ ಆದೇಶ ಹೊರಡಿಸಿತು. ತಿಂಗಳಿಗೆ 417 ರೂಪಾಯಿಯ ಮಾತು ಸ್ವಾಮಿ. ಒಂದು ಸಿಲಿಂಡರ್ ಗ್ಯಾಸಿಗೂ ಸಾಲದು. ಆ ಆದೇಶಕ್ಕೆ ಹೈಕೋರ್ಟ್ ತಡೆ ನೀಡಿದ ಮೇಲೂ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದ್ದು 2021ರ ಕೊನೆಗೆ, ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ನಂತರ. ಇದಕ್ಕೂ ಮೊದಲು, 2020ರ ಮೇ ತಿಂಗಳಲ್ಲಿ, ದಿನದ ದುಡಿಮೆಯನ್ನು ಹತ್ತು ಗಂಟೆಗೆ ಏರಿಸಿದ ಆದೇಶವೂ ಬಂದಿತ್ತು. ಅದನ್ನು ಜೂನ್‌ನಲ್ಲಿ ಸರ್ಕಾರ ಹಿಂಪಡೆಯಿತು, ನಿಜ. ಆದರೆ 2023ರಲ್ಲಿ ಹನ್ನೆರಡು ಗಂಟೆಗೆ ಅವಕಾಶ ಕೊಡುವ ತಿದ್ದುಪಡಿ ಬಂತು. ಅದೆಲ್ಲ ಬೇರೆ ಪಕ್ಷದ ಸರ್ಕಾರದ ಕಾಲದ್ದು ಎಂದು ಯಾರಾದರೂ ಹೇಳಬಹುದು. ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಸರ್ಕಾರ ಎಂದರೆ ಒಂದೇ.

ಅದೇ ಕಾಲದಲ್ಲಿ ವಿದೇಶಿ ಬಂಡವಾಳದ ಕಥೆ ಬೇರೆಯೇ ಇತ್ತು. 2020ರಲ್ಲಿ ಜಗತ್ತಿನ ವಿದೇಶಿ ನೇರ ಹೂಡಿಕೆ ಶೇ 35ರಷ್ಟು ಇಳಿದರೂ ಭಾರತಕ್ಕೆ ಬಂದದ್ದು ಶೇ 27ರಷ್ಟು ಏರಿ 6,400 ಕೋಟಿ ಡಾಲರ್ ಆಯಿತು. 2021–22ರಲ್ಲಿ ದೇಶಕ್ಕೆ ಬಂದ ವಿದೇಶಿ ಷೇರು ಬಂಡವಾಳದಲ್ಲಿ ಶೇ 38 ಕರ್ನಾಟಕದ ಪಾಲು, ಎಲ್ಲ ರಾಜ್ಯಗಳಿಗಿಂತ ಮೇಲೆ. ಹೆಮ್ಮೆಪಡಿ, ಬೇಡವೆನ್ನುವುದಿಲ್ಲ. ಆದರೆ ಆ ಹಣದ ಹೆಚ್ಚಿನ ಭಾಗ ಹೋದದ್ದು ಕಂಪ್ಯೂಟರ್, ವಾಹನ, ಶಿಕ್ಷಣ ಕ್ಷೇತ್ರಗಳಿಗೆ. ಮನೆಯಲ್ಲಿ ಕೂತು ಕೆಲಸ ಮಾಡಬಲ್ಲವರ ಉದ್ಯಮಕ್ಕೆ ಸಾಂಕ್ರಾಮಿಕ ಹಣ ತಂದಿತು, ಮನೆಯಲ್ಲಿ ಕೂತರೆ ಒಲೆ ಉರಿಯದವರ ಉದ್ಯಮದಿಂದ ಕಿತ್ತುಕೊಂಡಿತು. ವಿದೇಶಿ ಹೂಡಿಕೆ ಬಂದ ಕಡೆಯೂ ಎಲ್ಲ ಸರಿಯಿತ್ತೆಂದಲ್ಲ: 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದದ್ದು ಸಂಬಳದ ತಕರಾರಿನಿಂದಲೇ.

2025ರ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಭರವಸೆ ಬಂದಿದೆ ಎಂದಿರಿ. ಹೂಡಿಕೆದಾರರಿಗೆ ಜಮೀನು, ಬಂಡವಾಳ ಸಹಾಯಧನ, ತೆರಿಗೆ ರಿಯಾಯಿತಿ ಕೊಡುತ್ತೀರಿ. ಹಾಗಿರುವಾಗ ಷರತ್ತು ಹಾಕುವ ಹಕ್ಕೂ ನಿಮ್ಮದೇ. ನನ್ನ ಕೇಳಿಕೆ ಎರಡೇ. ಸಹಾಯಧನ ಪಡೆಯುವ ರಫ್ತು ಘಟಕಗಳು ಅದರ ಒಂದು ಪಾಲನ್ನು ಕಾರ್ಮಿಕರ ಹೆಸರಿನಲ್ಲಿ ಮೀಸಲಿಡಲಿ, ಆರ್ಡರ್ ನಿಂತ ದಿನ ಮೂರು ತಿಂಗಳ ಕೂಲಿ ಅದರಿಂದ ಹೊರಡಲಿ. ಇನ್ನೊಂದು, ಸಿದ್ಧವಾದ ಸರಕನ್ನು ರದ್ದು ಮಾಡಿದರೆ ಬಟ್ಟೆ ಮತ್ತು ಕೂಲಿಯ ಖರ್ಚನ್ನು ಖರೀದಿದಾರನೇ ತೆರಬೇಕೆಂಬ ಮಾದರಿ ಒಪ್ಪಂದವೊಂದನ್ನು ಕೇಂದ್ರದ ವಾಣಿಜ್ಯ ಸಚಿವಾಲಯದ ಜೊತೆ ಕೂತು ರೂಪಿಸಿ. ಒಂದೊಂದೇ ಕಾರ್ಖಾನೆ ಕೇಳಿದರೆ ಆರ್ಡರ್ ಬೇರೆ ದೇಶಕ್ಕೆ ಹಾರುತ್ತದೆ ಎಂಬ ಭಯ ಸುಳ್ಳಲ್ಲ. ಆದ್ದರಿಂದಲೇ ಢಾಕಾ, ಕೊಲಂಬೊದವರನ್ನೂ ಜೊತೆಗೆ ಸೇರಿಸಿಕೊಳ್ಳುವ ಮಾತು ದೆಹಲಿಯಿಂದ ಬರಬೇಕು.

ನಮ್ಮ ಪೆಟ್ಟಿಗೆಗಳಲ್ಲಿ ಅರ್ಧದಷ್ಟನ್ನು ತಿಂಗಳುಗಳ ನಂತರ ರಿಯಾಯಿತಿ ಕೇಳಿ ಒಯ್ದರು. ಉಳಿದವು ಗೋದಾಮಿನಲ್ಲೇ ಮುಗ್ಗಲು ಹಿಡಿದವು. ಅವನ್ನು ಹೊಲಿದ ಲೈನ್ ಮತ್ತೆ ಶುರುವಾಗಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಶಿಪ್ಪಿಂಗ್ ಗುಮಾಸ್ತ
ಮಂಡ್ಯ ಜಿಲ್ಲೆ